ಕ್ಲಾರೆನ್ಸ್ ಗಿಡಿಯನ್: ಸೆರೆಮನೆಯಿಂದ ಬಂದ ಅರ್ಜಿ

ಒಬ್ಬ ಮನುಷ್ಯ ಕಳ್ಳನೆಂದು ಊರಿಗೆಲ್ಲ ಗೊತ್ತಿದೆ. ಹಿಂದೆ ಹಲವು ಬಾರಿ ಸೆರೆಮನೆ ಕಂಡು ಬಂದವನು. ಊರಿನಲ್ಲಿ ಮತ್ತೊಂದು ಕಳ್ಳತನವಾದಾಗ ಪೊಲೀಸರು ಅವನನ್ನೇ ಹಿಡಿದು ತರುತ್ತಾರೆ. ಆಗ ನಮ್ಮಲ್ಲಿ ಎಷ್ಟು ಮಂದಿ, ಅವನಿಗೂ ಹೇಳಲಿಕ್ಕೇನಾದರೂ ಇರಬಹುದೆಂದು ಯೋಚಿಸುತ್ತೇವೆ? ಹಿಂದೆ ಕದ್ದವನು ಈಗಲೂ ಕದ್ದಿರಲೇಬೇಕೆಂದು ತೀರ್ಮಾನಿಸಿ ಬಿಡುವವರೇ ಹೆಚ್ಚು. ಒಳ್ಳೆಯವನೆಂದು ಹೆಸರಾದವನಿಗೆ ನ್ಯಾಯ ದೊರಕಿಸುವುದು ಅಷ್ಟೇನೂ ಕಷ್ಟವಲ್ಲ. ಕೆಟ್ಟವನೆಂದು ಹೆಸರಾದವನಿಗೂ ನ್ಯಾಯ ದೊರಕುತ್ತದೆಯೇ ಎಂಬುದರಲ್ಲಿ ಒಂದು ದೇಶದ ನ್ಯಾಯವ್ಯವಸ್ಥೆಯ ಪರೀಕ್ಷೆ ಅಡಗಿರುತ್ತದೆ.

ಅಮೇರಿಕದ ನ್ಯಾಯವ್ಯವಸ್ಥೆಗೆ ಇಂತಹ ಪರೀಕ್ಷೆಯೊಂದನ್ನು ಒಡ್ಡಿದವನು ಕ್ಲಾರೆನ್ಸ್ ಅರ್ಲ್ ಗಿಡಿಯನ್. ಆತ ವಿದ್ವಾಂಸನಾಗಿರಲಿಲ್ಲ. ನಾಯಕನಾಗಲಿ ಚಳವಳಿಗಾರನಾಗಲಿ ಆಗಿರಲಿಲ್ಲ. ಎಂಟನೇ ತರಗತಿಗೇ ಶಾಲೆ ಬಿಟ್ಟು, ಬದುಕಿನ ಬಹುಭಾಗವನ್ನು ಅಲೆಮಾರಿಯಾಗಿ ಕಳೆದ ಬಡವ. ಜೂಜು ಮತ್ತು ಸಣ್ಣಪುಟ್ಟ ಕಳ್ಳತನ ಅವನ ಬಾಳನ್ನು ಹಾಳುಗೆಡವಿದ್ದವು. ಆದರೂ ಇಂದು ಅಮೇರಿಕದ ಕಾನೂನು ಕಾಲೇಜುಗಳಲ್ಲಿ ಆತನ ಹೆಸರಿನ ಪ್ರಕರಣವನ್ನು ವಿದ್ಯಾರ್ಥಿಗಳು ತಪ್ಪದೆ ಓದುತ್ತಾರೆ.

ದಾರಿ ತಪ್ಪಿದ ಬಾಲ್ಯ

ಗಿಡಿಯನ್ ಹುಟ್ಟಿದ್ದು 1910ರ ಆಗಸ್ಟ್ 30ರಂದು, ಮಿಸೌರಿ ರಾಜ್ಯದ ಹ್ಯಾನಿಬಲ್ ಎಂಬ ಪಟ್ಟಣದಲ್ಲಿ. ಮಿಸಿಸಿಪ್ಪಿ ನದಿಯ ದಂಡೆಯಲ್ಲಿರುವ ಊರದು. ಮಗುವಿಗೆ ಮೂರು ವರ್ಷವಾದಾಗ ತಂದೆ ತೀರಿಕೊಂಡರು. ತಾಯಿ ಮತ್ತೊಂದು ಮದುವೆಯಾದರು. ಮನೆಯ ಕಟ್ಟುಪಾಡಿಗೆ ಹುಡುಗ ಒಗ್ಗಲಿಲ್ಲ. ಶಾಲೆಗೆ ಚಕ್ಕರ್ ಹೊಡೆಯುವುದು ರೂಢಿಯಾಯಿತು. ಹದಿನಾಲ್ಕನೇ ವಯಸ್ಸಿಗೆ ಓದು ಬಿಟ್ಟು ಮನೆಯಿಂದ ಓಡಿಹೋದ. ಹದಿನಾರರ ಹೊತ್ತಿಗೆ ಕಳ್ಳತನಕ್ಕೆ ಇಳಿದಿದ್ದ.

ಹದಿನೆಂಟು ತುಂಬುವ ಸುಮಾರಿಗೆ ದರೋಡೆ ಮತ್ತು ಕನ್ನಗಳ್ಳತನದ ಆರೋಪದಲ್ಲಿ ಹತ್ತು ವರ್ಷಗಳ ಶಿಕ್ಷೆಯಾಯಿತು. ಮೂರು ವರ್ಷ ಕಳೆದು 1932ರಲ್ಲಿ ಹೊರಬಂದಾಗ ಅಮೇರಿಕ ಮಹಾ ಆರ್ಥಿಕ ಕುಸಿತದಲ್ಲಿ ಮುಳುಗಿತ್ತು. ಕಸುಬು ಬಲ್ಲವರಿಗೂ ಕೆಲಸವಿಲ್ಲದ ಕಾಲ. ಜೈಲಿನಿಂದ ಬಂದವನಿಗೆ ಕೆಲಸ ಕೊಡುವವರು ಯಾರು? ಮುಂದಿನ ಮೂವತ್ತು ವರ್ಷಗಳು ಬಡತನದಲ್ಲೇ ಕಳೆದವು. ನಡುನಡುವೆ ಕಾನ್ಸಸ್‌ನ ಲೆವೆನ್‌ವರ್ತ್, ಮತ್ತೊಮ್ಮೆ ಮಿಸೌರಿ, ಆಮೇಲೆ ಟೆಕ್ಸಾಸ್, ಹೀಗೆ ಒಂದರ ಹಿಂದೆ ಒಂದು ಸೆರೆಮನೆ.

ಮೂರು ಮದುವೆಗಳು ಮುರಿದವು. 1955ರಲ್ಲಿ ನಾಲ್ಕನೇ ಮದುವೆಯಾದ ಮೇಲೆ ಒಂದಿಷ್ಟು ನೆಲೆ ಕಂಡಂತಾಯಿತು. ಮೂವರು ಮಕ್ಕಳೂ ಹುಟ್ಟಿದರು. ಆದರೆ ಕ್ಷಯರೋಗ ತಗುಲಿ ವರ್ಷಗಟ್ಟಲೆ ಹಾಸಿಗೆ ಹಿಡಿಯಬೇಕಾಯಿತು. ಬಳಿಕ ಸಂಸಾರ ಫ್ಲೋರಿಡಾ ರಾಜ್ಯದ ಪನಾಮ ಸಿಟಿಗೆ ಬಂತು. ಅಲ್ಲಿ ವಿದ್ಯುತ್ ಕೆಲಸ ಮಾಡುತ್ತಿದ್ದ. ಕೂಲಿ ಸಾಲದೆ ಮತ್ತೆ ಜೂಜಿನ ಹಿಂದೆ ಬಿದ್ದ. ಮಕ್ಕಳನ್ನು ಸಾಕಲಾಗದ ಸ್ಥಿತಿ ಬಂದು ಕೊನೆಗೆ ಸರಕಾರಿ ಕಲ್ಯಾಣ ಇಲಾಖೆಯವರು ಅವರನ್ನು ಕರೆದೊಯ್ದರು. ದುರಭ್ಯಾಸ ಮತ್ತು ಬಡತನ ಎರಡೂ ಸೇರಿದರೆ ಒಂದು ಸಂಸಾರ ಹೇಗೆ ಒಡೆಯುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಒಂದು ಬೆಳಗಿನ ಜಾವದ ಕಳ್ಳತನ

1961ರ ಜೂನ್ 3ರ ಬೆಳಗಿನ ಜಾವ ಪನಾಮ ಸಿಟಿಯ ಬೇ ಹಾರ್ಬರ್ ಪೂಲ್ ರೂಮಿಗೆ ಯಾರೋ ನುಗ್ಗಿದರು. ಬಿಲಿಯರ್ಡ್ಸ್‌ನಂತಹ ಪೂಲ್ ಆಟ ಆಡುವ ಸ್ಥಳ ಅದು. ಸಿಗರೇಟು ಮಾರುವ ಯಂತ್ರ ಮತ್ತು ಹಾಡು ನುಡಿಸುವ ಯಂತ್ರಗಳೊಳಗಿನ ಚಿಲ್ಲರೆ ಹಣ ಹೋಗಿತ್ತು. ಜೊತೆಗೆ ಕೆಲವು ಬಾಟಲಿ ಪಾನೀಯಗಳು. ಹತ್ತಿರದ ಯುವಕನೊಬ್ಬ, ಬೆಳಗ್ಗೆ ಐದೂವರೆಯ ಹೊತ್ತಿಗೆ ಗಿಡಿಯನ್ ಅಲ್ಲಿಂದ ಬಾಟಲಿ ಹಿಡಿದು ಹೊರಬಂದುದನ್ನು ಕಂಡೆನೆಂದೂ ಆತನ ಜೇಬು ಚಿಲ್ಲರೆಯಿಂದ ಉಬ್ಬಿತ್ತೆಂದೂ ಪೊಲೀಸರಿಗೆ ಹೇಳಿದ. ಅದೇ ದಿನ ಗಿಡಿಯನ್‌ನ ಬಂಧನವಾಯಿತು.

ಕಳುವಾದ ವಸ್ತು ಅಲ್ಪ. ಆದರೆ ಕದಿಯುವ ಉದ್ದೇಶದಿಂದ ಬೀಗ ಮುರಿದು ಒಳಹೋಗುವುದು ಫ್ಲೋರಿಡಾದ ಕಾನೂನಿನಲ್ಲಿ ಘೋರ ಅಪರಾಧಗಳ ಪಟ್ಟಿಯಲ್ಲಿತ್ತು. ಅಪರಾಧ ಸಾಬೀತಾದರೆ ವರ್ಷಗಟ್ಟಲೆ ಸೆರೆವಾಸ.

ಆಗಸ್ಟ್ 4ರಂದು ವಿಚಾರಣೆ ಆರಂಭವಾಯಿತು. ನ್ಯಾಯಾಧೀಶರು ರಾಬರ್ಟ್ ಮೆಕ್ರೇರಿ. ತನ್ನಲ್ಲಿ ಹಣವಿಲ್ಲ, ತನಗೊಬ್ಬ ವಕೀಲನನ್ನು ಒದಗಿಸಬೇಕು ಎಂದು ಗಿಡಿಯನ್ ಬೇಡಿದ. ಮರಣದಂಡನೆಗೆ ಗುರಿಯಾಗಬಹುದಾದ ಮೊಕದ್ದಮೆಗಳಲ್ಲಿ ಮಾತ್ರ ಸರಕಾರಿ ಖರ್ಚಿನಲ್ಲಿ ವಕೀಲರನ್ನು ನೇಮಿಸಲು ರಾಜ್ಯದ ಕಾನೂನು ತನಗೆ ಅವಕಾಶ ಕೊಡುತ್ತದೆಂದು ನ್ಯಾಯಾಧೀಶರು ವಿಷಾದದಿಂದಲೇ ತಿಳಿಸಿದರು. ವಕೀಲನ ನೆರವು ತನ್ನ ಹಕ್ಕೆಂದು ಸುಪ್ರೀಂ ಕೋರ್ಟ್ ಹೇಳಿದೆ ಎಂದು ಗಿಡಿಯನ್ ವಾದಿಸಿದ. ವಾಸ್ತವದಲ್ಲಿ ಆ ದಿನ ಸುಪ್ರೀಂ ಕೋರ್ಟ್ ಹಾಗೆ ಹೇಳಿರಲಿಲ್ಲ. ಕಾನೂನು ಗೊತ್ತಿಲ್ಲದೆ ಆಡಿದ ಆ ಮಾತು ಎರಡು ವರ್ಷದೊಳಗೆ ಇಡೀ ದೇಶದ ಕಾನೂನಾಗಲಿತ್ತು.

ಗಿಡಿಯನ್ ತಾನೇ ವಾದಿಸಿದ. ಜ್ಯೂರಿಯ ಆರು ಮಂದಿ ನಾಗರಿಕರ ಮುಂದೆ ನಿಂತು ತನ್ನ ಕಡೆಯ ಮಾತು ಹೇಳಿದ. ಸಾಕ್ಷಿಗಳಿಗೆ ಪಾಟೀಸವಾಲು ಹಾಕಿದ. ತನ್ನ ಪರವಾಗಿಯೂ ಸಾಕ್ಷಿಗಳನ್ನು ಕರೆಸಿದ. ಆದರೆ ಯಾವ ಪ್ರಶ್ನೆ ಕೇಳಬೇಕು, ಯಾವ ಉತ್ತರವನ್ನು ಬೆನ್ನಟ್ಟಬೇಕು, ಯಾವುದಕ್ಕೆ ಆಕ್ಷೇಪ ಎತ್ತಬೇಕು ಎಂಬುದು ಕಲಿತವರಿಗೆ ಮಾತ್ರ ಗೊತ್ತಾಗುವ ವಿದ್ಯೆ. ಎದುರಿನಲ್ಲಿ ಸರಕಾರಿ ವಕೀಲ, ಈ ಕಡೆ ಎಂಟನೇ ತರಗತಿ ಓದಿದ ಆರೋಪಿ. ಜ್ಯೂರಿ ಅಪರಾಧಿಯೆಂದು ತೀರ್ಮಾನಿಸಿತು. ಆಗಸ್ಟ್ 25ರಂದು ನ್ಯಾಯಾಧೀಶರು ಐದು ವರ್ಷಗಳ ಸಜೆ ವಿಧಿಸಿದರು. ಗಿಡಿಯನ್‌ನನ್ನು ರೇಫೋರ್ಡ್‌ನ ರಾಜ್ಯ ಸೆರೆಮನೆಗೆ ಕಳುಹಿಸಲಾಯಿತು.

ಒಂದೇ ದೇಶ, ಎರಡು ಬಗೆಯ ನ್ಯಾಯಾಲಯ

ಇಲ್ಲಿ ಅಮೇರಿಕದ ನ್ಯಾಯವ್ಯವಸ್ಥೆಯ ಒಂದು ವೈಶಿಷ್ಟ್ಯವನ್ನು ತಿಳಿದುಕೊಳ್ಳಬೇಕು. ನಮ್ಮ ದೇಶದಲ್ಲಿ ತಾಲೂಕಿನ ಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಒಂದೇ ಏಣಿ. ಅಮೇರಿಕದಲ್ಲಿ ಹಾಗಿಲ್ಲ. ಐವತ್ತು ರಾಜ್ಯಗಳಿಗೆ ಐವತ್ತು ಪ್ರತ್ಯೇಕ ನ್ಯಾಯವ್ಯವಸ್ಥೆಗಳಿವೆ. ಪ್ರತಿಯೊಂದು ರಾಜ್ಯಕ್ಕೂ ತನ್ನದೇ ಸಂವಿಧಾನ, ತನ್ನದೇ ದಂಡ ಸಂಹಿತೆ, ತನ್ನದೇ ಉಚ್ಚ ನ್ಯಾಯಾಲಯ. ಇವುಗಳ ಜೊತೆಗೆ ಕೇಂದ್ರ ಸರಕಾರದ ಕಾನೂನುಗಳಿಗಾಗಿ ಬೇರೆಯೇ ಕೇಂದ್ರ ನ್ಯಾಯಾಲಯಗಳಿವೆ. ಕೊಲೆ, ಕಳ್ಳತನ, ಹೊಡೆದಾಟಗಳಂತಹ ಹೆಚ್ಚಿನ ಅಪರಾಧಗಳ ವಿಚಾರಣೆ ರಾಜ್ಯ ನ್ಯಾಯಾಲಯಗಳಲ್ಲೇ ನಡೆಯುತ್ತದೆ. ರಾಜ್ಯದ ನ್ಯಾಯಾಲಯವೊಂದು ದೇಶದ ಸಂವಿಧಾನ ಕೊಟ್ಟ ಹಕ್ಕನ್ನು ಮುರಿದಿದೆ ಎಂಬ ಪ್ರಶ್ನೆ ಎದ್ದಾಗ ಮಾತ್ರ ಅಂತಹ ಮೊಕದ್ದಮೆ ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟಿಗೆ ಹೋಗಬಹುದು.

ಅಮೇರಿಕದ ಸಂವಿಧಾನ ರಚನೆಯಾದುದು 1787ರಲ್ಲಿ. ಅದರಲ್ಲಿ ನಾಗರಿಕರ ಹಕ್ಕುಗಳ ಪಟ್ಟಿ ಇಲ್ಲವೆಂಬ ಅಸಮಾಧಾನ ಎದ್ದಾಗ 1791ರಲ್ಲಿ ಹತ್ತು ತಿದ್ದುಪಡಿಗಳನ್ನು ಸೇರಿಸಲಾಯಿತು. ಧರ್ಮ, ವಾಕ್ಕು ಮತ್ತು ಪತ್ರಿಕೆಗಳ ಸ್ವಾತಂತ್ರ್ಯ ಮೊದಲನೆಯದರಲ್ಲಿದೆ. ಸಕಾರಣವಿಲ್ಲದೆ ಮನೆ ಶೋಧಿಸಬಾರದು, ಬಂಧಿಸಬಾರದು ಎಂಬುದು ನಾಲ್ಕನೆಯದು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತಪಡಿಸಬಾರದು, ಒಂದೇ ಅಪರಾಧಕ್ಕೆ ಎರಡು ಬಾರಿ ಗುರಿಪಡಿಸಬಾರದು ಎಂಬುದು ಐದನೆಯದು. ವಿಪರೀತ ಜಾಮೀನು ಮತ್ತು ಕ್ರೂರ ಶಿಕ್ಷೆಗಳನ್ನು ಎಂಟನೆಯದು ತಡೆಯುತ್ತದೆ. ಗಿಡಿಯನ್‌ನ ಕಥೆಗೆ ಸಂಬಂಧಿಸಿದ್ದು ಆರನೆಯದು. ಶೀಘ್ರವಾದ ಬಹಿರಂಗ ವಿಚಾರಣೆ, ಪಕ್ಷಪಾತವಿಲ್ಲದ ಜ್ಯೂರಿ, ಆರೋಪ ಏನೆಂಬುದರ ತಿಳಿವಳಿಕೆ, ಎದುರು ಸಾಕ್ಷಿಗಳನ್ನು ಮುಖಾಮುಖಿ ಪ್ರಶ್ನಿಸುವ ಅವಕಾಶ, ತನ್ನ ಪರ ಸಾಕ್ಷಿಗಳನ್ನು ಕರೆಸುವ ಅಧಿಕಾರ ಮತ್ತು ವಕೀಲನ ನೆರವು, ಇಷ್ಟನ್ನೂ ಅದು ಆರೋಪಿಗೆ ಕೊಡುತ್ತದೆ.

ಹಾಗಾದರೆ ಗಿಡಿಯನ್‌ಗೆ ವಕೀಲ ಏಕೆ ಸಿಗಲಿಲ್ಲ? ಮೊದಲಿಗೆ ಈ ತಿದ್ದುಪಡಿಗಳು ಕಟ್ಟುತ್ತಿದ್ದುದು ಕೇಂದ್ರ ಸರಕಾರವನ್ನು ಮಾತ್ರ. ರಾಜ್ಯಗಳಿಗೆ ಅವು ಅನ್ವಯಿಸುತ್ತಿರಲಿಲ್ಲ. ಗುಲಾಮಗಿರಿಯ ಪ್ರಶ್ನೆಯಲ್ಲಿ ನಡೆದ ಅಂತರ್ಯುದ್ಧದ ನಂತರ, 1868ರಲ್ಲಿ, ಹದಿನಾಲ್ಕನೇ ತಿದ್ದುಪಡಿ ಬಂತು. ಕಾನೂನಿನ ಸರಿಯಾದ ಕ್ರಮವನ್ನು ಅನುಸರಿಸದೆ ಯಾವ ರಾಜ್ಯವೂ ಯಾರ ಜೀವ, ಸ್ವಾತಂತ್ರ್ಯ, ಆಸ್ತಿಗಳನ್ನೂ ಕಸಿಯಬಾರದೆಂದು ಅದು ವಿಧಿಸಿತು. ಈ ಸರಿಯಾದ ಕ್ರಮ ಎಂಬುದರಲ್ಲಿ ವಕೀಲನ ನೆರವೂ ಸೇರುತ್ತದೆಯೇ ಎಂಬುದು ದಶಕಗಳ ಕಾಲ ಇತ್ಯರ್ಥವಾಗದೆ ಉಳಿಯಿತು.

ಅಲಬಾಮಾದಲ್ಲಿ ಒಂಬತ್ತು ಮಂದಿ ಕರಿಯ ಹುಡುಗರ ಮೇಲೆ ಅತ್ಯಾಚಾರದ ಆರೋಪ ಹೊರಿಸಿ, ಅವಸರದ ವಿಚಾರಣೆ ನಡೆಸಿ, ಎಂಟು ಮಂದಿಗೆ ಮರಣದಂಡನೆ ವಿಧಿಸಿದಾಗ, ಅಂತಹ ಮೊಕದ್ದಮೆಗಳಲ್ಲಿ ವಕೀಲನನ್ನು ಒದಗಿಸಲೇಬೇಕೆಂದು 1932ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕೇಂದ್ರ ನ್ಯಾಯಾಲಯಗಳಲ್ಲಿ ಎಲ್ಲ ಬಡ ಆರೋಪಿಗಳಿಗೂ ವಕೀಲರು ಬೇಕೆಂದು 1938ರಲ್ಲಿ ತೀರ್ಪಾಯಿತು. ಆದರೆ 1942ರಲ್ಲಿ ಮೇರಿಲ್ಯಾಂಡ್‌ನ ಬೆಟ್ಸ್ ಎಂಬ ಬಡ ಕೃಷಿ ಕಾರ್ಮಿಕನ ಪ್ರಕರಣದಲ್ಲಿ ಕೋರ್ಟ್ ಹಿಂಜರಿಯಿತು. ಆರೋಪಿ ಅನಕ್ಷರಸ್ಥ, ಬುದ್ಧಿ ಮಾಂದ್ಯನು ಮುಂತಾದ ವಿಶೇಷ ಸಂದರ್ಭಗಳಿದ್ದರೆ ಮಾತ್ರ ರಾಜ್ಯಗಳು ವಕೀಲನನ್ನು ಕೊಡಬೇಕು, ಉಳಿದಂತೆ ಅದು ಅವುಗಳ ಇಷ್ಟ ಎಂದಿತು. ಮೂವರು ನ್ಯಾಯಾಧೀಶರು ಇದಕ್ಕೆ ಒಪ್ಪಲಿಲ್ಲ. ಅವರ ಪರವಾಗಿ ಭಿನ್ನಮತದ ತೀರ್ಪು ಬರೆದವರು ಅಲಬಾಮಾದವರೇ ಆದ ಹ್ಯೂಗೋ ಬ್ಲಾಕ್.

ಪೆನ್ಸಿಲಿನಲ್ಲಿ ಬರೆದ ಅರ್ಜಿ

ರೇಫೋರ್ಡ್ ಸೆರೆಮನೆಯಲ್ಲಿ ಗಿಡಿಯನ್ ಕೈಗೆ ಸಿಕ್ಕ ಕಾನೂನಿನ ಪುಸ್ತಕಗಳನ್ನು ಓದಿದ. ಮೊದಲು ಫ್ಲೋರಿಡಾದ ಉಚ್ಚ ನ್ಯಾಯಾಲಯಕ್ಕೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದ. ಬಂಧನ ಕಾನೂನುಬದ್ಧವೇ ಎಂದು ಪರಿಶೀಲಿಸುವಂತೆ ಕೋರುವ ಅರ್ಜಿ ಅದು. ಅದನ್ನು ವಜಾ ಮಾಡಲಾಯಿತು. ಆಮೇಲೆ ಸೆರೆಮನೆಯ ಗೆರೆಹಾಕಿದ ಕಾಗದದ ಮೇಲೆ ಪೆನ್ಸಿಲಿನಲ್ಲಿ ದೊಡ್ಡ ದೊಡ್ಡ ಅಕ್ಷರಗಳಲ್ಲಿ ಸುಪ್ರೀಂ ಕೋರ್ಟಿಗೆ ಬರೆದ. ಕಾಗುಣಿತದ ತಪ್ಪುಗಳು ಬೇಕಾದಷ್ಟಿದ್ದವು. ವಿಷಯ ಮಾತ್ರ ಸ್ಪಷ್ಟವಾಗಿತ್ತು: ವಕೀಲನಿಲ್ಲದೆ ತನ್ನನ್ನು ವಿಚಾರಣೆ ಮಾಡಿದ್ದು ಸಂವಿಧಾನಕ್ಕೆ ವಿರುದ್ಧ. ತಾನು ಅನಕ್ಷರಸ್ಥನೆಂದೋ ರೋಗಿಯೆಂದೋ ಹೇಳಿಕೊಂಡು ಆತ ಕನಿಕರ ಬೇಡಲಿಲ್ಲ. ಹಕ್ಕನ್ನಷ್ಟೇ ಕೇಳಿದ. ಅರ್ಜಿ 1962ರ ಜನವರಿ 8ರಂದು ವಾಷಿಂಗ್ಟನ್ ತಲುಪಿತು.

ಹಣವಿದ್ದವರು ಆ ಕೋರ್ಟಿಗೆ ಶುಲ್ಕ ಕಟ್ಟಿ, ಅಚ್ಚು ಹಾಕಿಸಿದ ಹಲವು ಪ್ರತಿಗಳನ್ನು ಸಲ್ಲಿಸಬೇಕು. ತಾನು ಬಡವನೆಂದು ಪ್ರಮಾಣ ಮಾಡಿದವನಿಗೆ ಶುಲ್ಕವಿಲ್ಲ, ಕೈಬರಹವೂ ನಡೆಯುತ್ತದೆ. ಬಂದ ಅರ್ಜಿಗಳಲ್ಲಿ ಬಹುಪಾಲು ವಿಚಾರಣೆಗೆ ಬರುವ ಮೊದಲೇ ವಜಾ ಆಗುತ್ತವೆ. ಒಂಬತ್ತು ನ್ಯಾಯಾಧೀಶರಲ್ಲಿ ಕನಿಷ್ಠ ನಾಲ್ವರು ಒಪ್ಪಿದರೆ ಮಾತ್ರ ವಿಚಾರಣೆ. 1962ರ ಜೂನ್ 4ರಂದು ಗಿಡಿಯನ್‌ನ ಅರ್ಜಿಯನ್ನು ಸ್ವೀಕರಿಸಲಾಯಿತು. ಬೆಟ್ಸ್ ಪ್ರಕರಣದ ತೀರ್ಪನ್ನು ಮರುಪರಿಶೀಲಿಸಬೇಕೇ ಎಂಬುದರ ಬಗ್ಗೆಯೇ ವಾದಿಸುವಂತೆ ಕೋರ್ಟ್ ಎರಡೂ ಪಕ್ಷಗಳಿಗೆ ಸೂಚಿಸಿತು.

ಗಿಡಿಯನ್‌ನ ಪರ ವಾದಿಸಲು ಕೋರ್ಟ್ ಏಬ್ ಫೋರ್ಟಾಸ್ ಅವರನ್ನು ನೇಮಿಸಿತು. ವಾಷಿಂಗ್ಟನ್ನಿನ ಅತ್ಯಂತ ಹೆಸರಾಂತ ವಕೀಲರಲ್ಲಿ ಅವರೊಬ್ಬರು. ಮುಂದೆ 1965ರಲ್ಲಿ ಅದೇ ಕೋರ್ಟಿನ ನ್ಯಾಯಾಧೀಶರಾದರು. ಅಷ್ಟು ದುಬಾರಿ ವಕೀಲರು ಈ ಖೈದಿಗಾಗಿ ಒಂದು ಡಾಲರ್ ಶುಲ್ಕವೂ ಇಲ್ಲದೆ ದುಡಿದರು. ತನ್ನ ಜೀವನದ ವಿವರ ಬರೆದು ಕಳುಹಿಸುವಂತೆ ಕೇಳಿದಾಗ ಗಿಡಿಯನ್ ದೀರ್ಘವಾದ ಪತ್ರ ಬರೆದ. ತನ್ನ ಹಳೆಯ ಅಪರಾಧಗಳನ್ನು ಮುಚ್ಚಿಡಲಿಲ್ಲ.

ಒಂಬತ್ತು ನ್ಯಾಯಾಧೀಶರ ಮುಂದೆ

ಫ್ಲೋರಿಡಾ ಸರಕಾರದ ಪರವಾಗಿ ನಿಂತವರು ಬ್ರೂಸ್ ಜೇಕಬ್ ಎಂಬ ಯುವ ವಕೀಲರು. ತಮ್ಮ ವಾದಕ್ಕೆ ಬೆಂಬಲ ನೀಡಬೇಕೆಂದು ಕೋರಿ ಉಳಿದ ರಾಜ್ಯಗಳ ಸರಕಾರಿ ವಕೀಲರಿಗೆ ಅವರು ಪತ್ರ ಬರೆದರು. ರಾಜ್ಯಗಳ ಅಧಿಕಾರದ ಪ್ರಶ್ನೆಯಾದುದರಿಂದ ಬೆಂಬಲ ಸಿಗುವುದೆಂದು ನಿರೀಕ್ಷಿಸಿದ್ದರು. ನಡೆದದ್ದು ಬೇರೆ. ಮಿನ್ನೆಸೋಟಾ ರಾಜ್ಯದ ಮುಖ್ಯ ಸರಕಾರಿ ವಕೀಲ ವಾಲ್ಟರ್ ಮಾಂಡೇಲ್, ಬಡವನಿಗೆ ವಕೀಲನನ್ನು ಕೊಡುವುದೇ ನ್ಯಾಯವೆಂದು ಅಭಿಪ್ರಾಯಪಟ್ಟು, ಇತರ ರಾಜ್ಯಗಳನ್ನೂ ಆ ಕಡೆಗೆ ಸೆಳೆಯುವುದರಲ್ಲಿ ಮುಂದಾದರು. ಕೊನೆಗೆ 22 ರಾಜ್ಯಗಳು ಖೈದಿಯ ಪರವಾಗಿ ಕೋರ್ಟಿಗೆ ಲಿಖಿತ ವಾದ ಸಲ್ಲಿಸಿದವು. ಫ್ಲೋರಿಡಾದ ಬೆಂಬಲಕ್ಕೆ ಬಂದವು ಅಲಬಾಮಾ ಮತ್ತು ಉತ್ತರ ಕ್ಯಾರೊಲಿನಾ, ಎರಡೇ ರಾಜ್ಯಗಳು. ಆರೋಪಿಗಳಿಗೆ ಶಿಕ್ಷೆ ಕೊಡಿಸುವುದೇ ಯಾರ ಉದ್ಯೋಗವೋ ಅವರೇ ಆರೋಪಿಯ ಹಕ್ಕಿನ ಪರ ನಿಂತದ್ದು ಈ ಕಥೆಯ ಅತ್ಯಂತ ಹೃದ್ಯವಾದ ಭಾಗ.

1963ರ ಜನವರಿ 15ರಂದು ವಾದ ನಡೆಯಿತು. ಗಿಡಿಯನ್ ಅಲ್ಲಿರಲಿಲ್ಲ, ಸೆರೆಮನೆಯಲ್ಲಿದ್ದ. ಫೋರ್ಟಾಸ್ ಒಂದು ಸರಳ ಸಂಗತಿಯನ್ನು ನೆನಪಿಸಿದರು. ಕ್ಲಾರೆನ್ಸ್ ಡ್ಯಾರೋ ಅಮೇರಿಕ ಕಂಡ ಬಹು ದೊಡ್ಡ ಕ್ರಿಮಿನಲ್ ವಕೀಲರು. ಅಂಥವರು ಕೂಡ ತಮ್ಮ ಮೇಲೆಯೇ ಆರೋಪ ಬಂದಾಗ ಮೊದಲು ಮಾಡಿದ ಕೆಲಸ ಬೇರೊಬ್ಬ ವಕೀಲರನ್ನು ಹಿಡಿದದ್ದು. ಕಾನೂನನ್ನು ಅರೆದು ಕುಡಿದವರ ಪಾಡೇ ಇದಾದರೆ ಸಾಮಾನ್ಯನ ಗತಿಯೇನು? ಇಷ್ಟೊಂದು ಹಳೆಯ ಖೈದಿಗಳನ್ನು ಒಮ್ಮೆಗೇ ಬಿಡಬೇಕಾಗಿ ಬಂದರೆ ರಾಜ್ಯಕ್ಕೆ ಒದಗುವ ಕಷ್ಟವನ್ನು ಜೇಕಬ್ ಮುಂದಿಟ್ಟರು.

ಮಾರ್ಚ್ 18ರಂದು ತೀರ್ಪು ಬಂತು. ಒಂಬತ್ತು ಮಂದಿ ನ್ಯಾಯಾಧೀಶರೂ ಗಿಡಿಯನ್ ಪರ. ತೀರ್ಪನ್ನು ಬರೆದವರು ಹ್ಯೂಗೋ ಬ್ಲಾಕ್. ಇಪ್ಪತ್ತೊಂದು ವರ್ಷಗಳ ಹಿಂದೆ ಬೆಟ್ಸ್ ಪ್ರಕರಣದಲ್ಲಿ ಅಲ್ಪಸಂಖ್ಯಾತರ ಪಕ್ಷದಲ್ಲಿ ನಿಂತು ಯಾವುದನ್ನು ಹೇಳಿದ್ದರೋ, ಅದನ್ನೇ ಈಗ ಇಡೀ ಕೋರ್ಟಿನ ಪರವಾಗಿ ಹೇಳುವ ಅವಕಾಶ ಅವರಿಗೆ ಒದಗಿತು. ಅಪರಾಧ ಸಾಬೀತುಪಡಿಸಲು ಸರಕಾರ ಹಣ ಸುರಿದು ವಕೀಲರನ್ನು ಇಡುತ್ತದೆ. ಹಣವುಳ್ಳ ಆರೋಪಿಯೂ ಒಳ್ಳೆಯ ವಕೀಲನನ್ನು ಹುಡುಕುತ್ತಾನೆ. ಹೀಗಿರುವಾಗ ಕ್ರಿಮಿನಲ್ ಕೋರ್ಟಿನಲ್ಲಿ ವಕೀಲನೆಂದರೆ ಭೋಗದ ವಸ್ತುವಲ್ಲ, ಅಗತ್ಯದ ವಸ್ತು ಎಂಬುದು ತೀರ್ಪಿನ ತಿರುಳು.

ಅದೇ ಕೋರ್ಟು, ಅದೇ ನ್ಯಾಯಾಧೀಶರು

ಸುಪ್ರೀಂ ಕೋರ್ಟ್ ಗಿಡಿಯನ್‌ನನ್ನು ನಿರಪರಾಧಿ ಎಂದು ಸಾರಲಿಲ್ಲ. ಕಳ್ಳತನ ಮಾಡಿದ್ದು ಯಾರು ಎಂಬ ಪ್ರಶ್ನೆ ಅದರ ಮುಂದೆ ಇರಲೇ ಇಲ್ಲ. ಮೊದಲ ವಿಚಾರಣೆ ಸರಿಯಾಗಿ ನಡೆಯಲಿಲ್ಲ, ಆದ್ದರಿಂದ ಆ ಶಿಕ್ಷೆ ನಿಲ್ಲದು ಎಂದಷ್ಟೇ ಅದು ಹೇಳಿತು. ಸರಕಾರ ಬಯಸಿದರೆ ಮತ್ತೆ ವಿಚಾರಣೆ ನಡೆಸಬಹುದಿತ್ತು. ಫ್ಲೋರಿಡಾ ಹಾಗೆಯೇ ಮಾಡಿತು. ಒಂದೇ ಅಪರಾಧಕ್ಕೆ ಎರಡು ಬಾರಿ ವಿಚಾರಣೆ ಮಾಡುವಂತಿಲ್ಲವೆಂದು ಗಿಡಿಯನ್ ತಕರಾರು ತೆಗೆದ. ಆದರೆ ಆರೋಪಿಯೇ ಕೇಳಿ ತನ್ನ ಶಿಕ್ಷೆಯನ್ನು ರದ್ದು ಮಾಡಿಸಿಕೊಂಡಾಗ ಆ ನಿಯಮ ಅಡ್ಡಬರುವುದಿಲ್ಲ.

1963ರ ಆಗಸ್ಟ್ 5ರಂದು ಪನಾಮ ಸಿಟಿಯ ಅದೇ ಕೋರ್ಟಿನಲ್ಲಿ, ಅದೇ ಮೆಕ್ರೇರಿಯವರ ಮುಂದೆ ಗಿಡಿಯನ್ ಮತ್ತೆ ನಿಂತ. ಈ ಬಾರಿ ಪಕ್ಕದಲ್ಲಿ ಫ್ರೆಡ್ ಟರ್ನರ್ ಎಂಬ ಸ್ಥಳೀಯ ವಕೀಲರಿದ್ದರು. ದೂರದ ಮಯಾಮಿಯಿಂದ ನೆರವಿಗೆ ಬಂದ ನಾಗರಿಕ ಹಕ್ಕುಗಳ ಸಂಘದ ವಕೀಲರನ್ನು ಬಿಟ್ಟು ಗಿಡಿಯನ್ ತಾನೇ ಇವರನ್ನು ಕೇಳಿಕೊಂಡಿದ್ದ. ಟರ್ನರ್ ವಿಚಾರಣೆಗೆ ಮುಂಚೆ ಊರಿನಲ್ಲಿ ಓಡಾಡಿ, ಸಾಕ್ಷಿಗಳನ್ನು ಕಂಡು, ಘಟನೆಯ ಸ್ಥಳವನ್ನು ನೋಡಿ ಬಂದಿದ್ದರು.

ಫಲ ಕೋರ್ಟಿನಲ್ಲಿ ಕಾಣಿಸಿತು. ಮುಖ್ಯ ಸಾಕ್ಷಿಯಾದ ಯುವಕ ರಾತ್ರಿಯಿಡೀ ದೂರದ ಊರಿನ ನೃತ್ಯಕೂಟದಲ್ಲಿದ್ದು ಬೆಳಗಿನ ಜಾವ ಮರಳಿದವನು. ಮನೆಗೆ ಹೋಗದೆ ಆ ಹೊತ್ತಿನಲ್ಲಿ ಪೂಲ್ ರೂಮಿನ ಹೊರಗೆ ಏಕೆ ನಿಂತಿದ್ದ? ಒಳಗೆ ಆದದ್ದನ್ನು ಕಿಟಕಿಯಿಂದ ಹೇಗೆ ಕಂಡ? ಈ ಹಿಂದೆ ಅವನ ಮೇಲೂ ಒಂದು ಅಪರಾಧದ ದಾಖಲೆ ಇರಲಿಲ್ಲವೇ? ಟರ್ನರ್ ಒಂದೊಂದಾಗಿ ಕೇಳಿದರು. ಕಳ್ಳತನ ಮಾಡಿದವರು ಆ ಯುವಕನ ಗೆಳೆಯರೇ ಏಕಾಗಿರಬಾರದು ಎಂಬ ಸಂಶಯ ಜ್ಯೂರಿಯ ಮನಸ್ಸಿನಲ್ಲಿ ಮೂಡಿತು.

ಟ್ಯಾಕ್ಸಿ ಚಾಲಕನ ಸಾಕ್ಷ್ಯವಂತೂ ಪೂರ್ತಿ ತಿರುಗಿತು. ತನ್ನನ್ನು ಕರೆದೊಯ್ದ ವಿಷಯವನ್ನು ಯಾರಿಗೂ ಹೇಳಬೇಡವೆಂದು ಗಿಡಿಯನ್ ಹೇಳಿದ್ದನೆಂಬುದು ಆತನ ವಿರುದ್ಧದ ದೊಡ್ಡ ಅಂಶವಾಗಿತ್ತು. ಹಾಗೆ ಹೇಳಿದ್ದೇಕೆಂದು ಟರ್ನರ್ ಕೇಳಿದರು. ಹೆಂಡತಿಯೊಡನೆ ಜಗಳವಿದ್ದುದರಿಂದ ಆತ ಪ್ರತಿ ಸಲವೂ ಹಾಗೆಯೇ ಹೇಳುತ್ತಿದ್ದನೆಂದು ಚಾಲಕ ತಿಳಿಸಿದ. ಆ ದಿನ ಆತನ ಕೈಯಲ್ಲಿ ಯಾವುದಾದರೂ ಬಾಟಲಿ ಇತ್ತೇ ಎಂದು ಕೇಳಿದರೆ, ಇರಲಿಲ್ಲ ಎಂಬ ಉತ್ತರ ಬಂತು. ಎರಡು ವರ್ಷಗಳ ಹಿಂದೆಯೂ ಈ ಉತ್ತರಗಳು ಆ ಚಾಲಕನ ಬಳಿ ಇದ್ದವು. ಅವುಗಳನ್ನು ಹೊರತೆಗೆಯುವ ಪ್ರಶ್ನೆಗಳನ್ನು ಕೇಳಬಲ್ಲವರು ಇರಲಿಲ್ಲ.

ಸುಮಾರು ಒಂದು ಗಂಟೆಯ ಸಮಾಲೋಚನೆಯ ಬಳಿಕ ಜ್ಯೂರಿ ಹೊರಬಂದು ಗಿಡಿಯನ್ ನಿರ್ದೋಷಿ ಎಂದಿತು. ಎರಡು ವರ್ಷ ಎರಡು ತಿಂಗಳ ಸೆರೆವಾಸ ಮುಗಿಯಿತು.

ತೀರ್ಪಿನ ಫಲ

ಫ್ಲೋರಿಡಾ ಅದೇ ವರ್ಷ ಕಾನೂನು ಮಾಡಿ ಪ್ರತಿಯೊಂದು ನ್ಯಾಯಾಂಗ ವಲಯದಲ್ಲೂ ಬಡ ಆರೋಪಿಗಳಿಗಾಗಿ ಸರಕಾರಿ ಸಂಬಳದ ವಕೀಲರನ್ನು ನೇಮಿಸಿತು. ವಕೀಲರಿಲ್ಲದೆ ಶಿಕ್ಷೆಗೊಳಗಾಗಿದ್ದ ಸುಮಾರು 2,000 ಮಂದಿ ಆ ಒಂದು ರಾಜ್ಯದಲ್ಲೇ ಬಿಡುಗಡೆ ಹೊಂದಿದರು. ಉಳಿದ ರಾಜ್ಯಗಳೂ ಒಂದೊಂದು ಬಗೆಯ ವ್ಯವಸ್ಥೆ ಮಾಡಿಕೊಂಡವು. 1966ರ ಮಿರಾಂಡಾ ತೀರ್ಪು ಈ ಹಕ್ಕನ್ನು ಪೊಲೀಸ್ ಠಾಣೆಯವರೆಗೂ ತಂದಿತು. ಮೌನವಾಗಿರುವ ಹಕ್ಕಿದೆ, ವಕೀಲನನ್ನು ಪಡೆಯುವ ಹಕ್ಕಿದೆ, ಹಣವಿಲ್ಲದಿದ್ದರೆ ವಕೀಲನನ್ನು ಒದಗಿಸಲಾಗುವುದು ಎಂದು ವಶದಲ್ಲಿರುವವನಿಗೆ ವಿಚಾರಣೆಗೆ ಮೊದಲೇ ತಿಳಿಸಬೇಕಾಯಿತು. 1967ರಲ್ಲಿ ಬಾಲಾಪರಾಧಿಗಳಿಗೂ, 1972ರಲ್ಲಿ ಸೆರೆವಾಸ ವಿಧಿಸುವ ಸಣ್ಣ ಅಪರಾಧಗಳ ಆರೋಪಿಗಳಿಗೂ ವಕೀಲನ ಹಕ್ಕು ಅನ್ವಯವಾಯಿತು.

ಖೈದಿಗಳ ಅರ್ಜಿಗಳಿಗೆ ಕೋರ್ಟ್ ಕಿವಿಗೊಡುತ್ತಿದ್ದ ಕಾಲ ಅದು. 1964ರಲ್ಲಿ ಇಲಿನಾಯ್ ರಾಜ್ಯದ ಸ್ಟೇಟ್‌ವಿಲ್ ಸೆರೆಮನೆಯಲ್ಲಿದ್ದ ಬ್ಲಾಕ್ ಮುಸ್ಲಿಮ್ ಪಂಗಡದ ಖೈದಿಯೊಬ್ಬನ ದೂರು ಇದೇ ಸುಪ್ರೀಂ ಕೋರ್ಟಿಗೆ ಬಂತು. ತನ್ನ ಧರ್ಮದ ಕಾರಣಕ್ಕಾಗಿ ಧಾರ್ಮಿಕ ಪ್ರಕಟಣೆಗಳನ್ನು ಕೊಳ್ಳಲು ಬಿಡುತ್ತಿಲ್ಲ ಎಂಬುದು ಆತನ ದೂರು. ಕೆಳಗಿನ ಕೋರ್ಟುಗಳು ಅದನ್ನು ಕೇಳದೆಯೇ ತಳ್ಳಿ ಹಾಕಿದ್ದವು. ಅದನ್ನು ವಿಚಾರಣೆಗೆ ಎತ್ತಿಕೊಳ್ಳಲೇಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. ಸೆರೆಮನೆಯ ಬಾಗಿಲು ಮುಚ್ಚಿದೊಡನೆ ಮನುಷ್ಯನ ಎಲ್ಲ ಹಕ್ಕುಗಳೂ ಹೊರಗೇ ಉಳಿಯುವುದಿಲ್ಲವೆಂಬುದು ಇದರಿಂದ ಸ್ಥಿರವಾಯಿತು.

ಹಾಗೆಂದು ಅಮೇರಿಕದಲ್ಲಿ ಎಲ್ಲವೂ ಸರಿಯಿದೆ ಎಂದು ತಿಳಿಯಬೇಕಾಗಿಲ್ಲ. ಕಾಗದದ ಮೇಲಿನ ಹಕ್ಕು ಬೇರೆ, ಕೈಗೆ ದಕ್ಕುವ ಹಕ್ಕು ಬೇರೆ. ಬಡವರ ವಕೀಲರಿಗೆ ರಾಜ್ಯಗಳು ಸಾಕಷ್ಟು ಹಣ ಕೊಡದಿರುವುದರಿಂದ ಒಬ್ಬೊಬ್ಬರ ಹೆಗಲ ಮೇಲೆ ಹೊರಲಾರದಷ್ಟು ಮೊಕದ್ದಮೆಗಳು ಬೀಳುತ್ತವೆ. ಹೆಚ್ಚಿನ ಆರೋಪಿಗಳು ಜ್ಯೂರಿಯ ಮುಂದೆ ಹೋಗುವುದೇ ಇಲ್ಲ. ಸರಕಾರಿ ವಕೀಲರೊಂದಿಗೆ ಒಪ್ಪಂದ ಮಾಡಿಕೊಂಡು, ತಪ್ಪೊಪ್ಪಿ, ಕಡಿಮೆ ಶಿಕ್ಷೆ ಪಡೆಯುತ್ತಾರೆ. ಅಪರಾಧ ನಿರ್ಣಯಗಳಲ್ಲಿ ಕೇಂದ್ರ ನ್ಯಾಯಾಲಯಗಳಲ್ಲಿ ಶೇಕಡಾ 97, ರಾಜ್ಯ ನ್ಯಾಯಾಲಯಗಳಲ್ಲಿ ಶೇಕಡಾ 94 ಈ ರೀತಿ ತಪ್ಪೊಪ್ಪಿಗೆಯಿಂದಲೇ ಆಗುತ್ತವೆಂದು 2012ರಲ್ಲಿ ಸುಪ್ರೀಂ ಕೋರ್ಟೇ ಗುರುತಿಸಿದೆ. ಮನೆಯಿಂದ ಹೊರಹಾಕಿಸಿಕೊಳ್ಳುವ ಬಾಡಿಗೆದಾರನಿಗೆ, ಮಕ್ಕಳ ಪಾಲನೆಗಾಗಿ ಹೋರಾಡುವ ತಾಯಿಗೆ, ಹೀಗೆ ಸಿವಿಲ್ ವ್ಯಾಜ್ಯಗಳಲ್ಲಿ ಸಿಕ್ಕಿಬಿದ್ದವರಿಗೆ ಗಿಡಿಯನ್ ತೀರ್ಪು ವಕೀಲನನ್ನು ಕೊಡುವುದಿಲ್ಲ.

ಭಾರತದ ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲೂ ಗಿಡಿಯನ್ ಪ್ರಕರಣದ ಉಲ್ಲೇಖ ಬಂದಿದೆ. 1976ರಲ್ಲಿ ನಮ್ಮ ಸಂವಿಧಾನಕ್ಕೆ ಸೇರಿದ 39ಎ ವಿಧಿ ಬಡವರಿಗೆ ಉಚಿತ ಕಾನೂನು ನೆರವು ನೀಡುವಂತೆ ಸರಕಾರಕ್ಕೆ ಹೇಳುತ್ತದೆ. ಬಿಹಾರದ ಸೆರೆಮನೆಗಳಲ್ಲಿ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದವರ ಹುಸೈನಾರಾ ಖಾತೂನ್ ಪ್ರಕರಣದಲ್ಲಿ, 1979ರಲ್ಲಿ, ಇದು ಬಡ ಆರೋಪಿಯ ಮೂಲಭೂತ ಹಕ್ಕಿನ ಭಾಗವೆಂದು ಕೋರ್ಟ್ ಸಾರಿತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ಅದರಂತೆ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು ಮತ್ತು ಬಂಧನದಲ್ಲಿರುವವರು ವರಮಾನ ಎಷ್ಟೇ ಇರಲಿ ಉಚಿತ ವಕೀಲನನ್ನು ಕೇಳಬಹುದು. ಜಿಲ್ಲೆ ಹಾಗೂ ತಾಲೂಕು ಮಟ್ಟದ ಕಾನೂನು ಸೇವಾ ಕಚೇರಿಗಳಿಗೆ ಅರ್ಜಿ ಸಲ್ಲಿಸಿದರಾಯಿತು. ಇದು ಗೊತ್ತಿಲ್ಲದೆ ಜಮೀನು ಮಾರಿ, ಚಿನ್ನ ಅಡವಿಟ್ಟು ಸಾಲಕ್ಕೆ ಬೀಳುವ ಕುಟುಂಬಗಳು ನಮ್ಮ ನಡುವೆ ಇವೆ.

ಕೊನೆಯ ದಿನಗಳು

ಬಿಡುಗಡೆಯಾದ ಮೇಲೆ ಗಿಡಿಯನ್ ದೊಡ್ಡ ಮನುಷ್ಯನಾಗಲಿಲ್ಲ. ಮತ್ತೆ ಸಣ್ಣಪುಟ್ಟ ಕೆಲಸ, ಮತ್ತೆ ಬಡತನ. 1964ರಲ್ಲಿ ಪತ್ರಕರ್ತ ಆಂಥನಿ ಲೂಯಿಸ್ ಆತನ ಮೊಕದ್ದಮೆಯ ಬಗ್ಗೆ ಬರೆದ ಪುಸ್ತಕ ದೇಶದಾದ್ಯಂತ ಹೆಸರು ಮಾಡಿತು. ಆ ಹೆಸರು ಗಿಡಿಯನ್‌ನ ಹೊಟ್ಟೆ ತುಂಬಿಸಲಿಲ್ಲ. 1972ರ ಜನವರಿ 18ರಂದು ಫ್ಲೋರಿಡಾದ ಫೋರ್ಟ್ ಲಾಡರ್‌ಡೇಲ್‌ನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಾಗ ಆತನಿಗೆ 61 ವರ್ಷ. ಹುಟ್ಟೂರಾದ ಹ್ಯಾನಿಬಲ್‌ನಲ್ಲಿ ಹೆಸರಿನ ಕಲ್ಲೂ ಇಲ್ಲದ ಸಮಾಧಿಯಲ್ಲಿ ಹೂಳಲಾಯಿತು. ಕೆಲವು ವರ್ಷಗಳ ಬಳಿಕ ನಾಗರಿಕ ಹಕ್ಕುಗಳ ಸಂಘದವರು ಅಲ್ಲಿ ಒಂದು ಕಲ್ಲು ನಿಲ್ಲಿಸಿದರು. ಕಾಲದಿಂದ ಕಾಲಕ್ಕೆ ಕಾನೂನು ಮನುಷ್ಯನ ಒಳಿತಿಗಾಗಿ ಸುಧಾರಿಸುತ್ತದೆ ಎಂಬ ಅರ್ಥದ, ಫೋರ್ಟಾಸ್‌ರಿಗೆ ಆತನೇ ಬರೆದಿದ್ದ ವಾಕ್ಯವೊಂದನ್ನು ಅದರಲ್ಲಿ ಕೆತ್ತಲಾಗಿದೆ.

ಗಿಡಿಯನ್ ಆದರ್ಶ ಪುರುಷನಲ್ಲ. ಆತನ ಜೂಜನ್ನಾಗಲಿ ಕಳ್ಳತನವನ್ನಾಗಲಿ ಯಾರೂ ಸಮರ್ಥಿಸಬೇಕಾಗಿಲ್ಲ. ಆದರೆ ಆತ ಮಾಡದ ಅಪರಾಧವನ್ನು, ಮಾಡಿದ ಅಪರಾಧಗಳ ಲೆಕ್ಕಕ್ಕೆ ಸೇರಿಸುವ ಅಧಿಕಾರ ಯಾರಿಗೂ ಇರಲಿಲ್ಲ. ನಮ್ಮ ಬೀದಿಯಲ್ಲಿ, ನಮ್ಮ ಬಂಧುಬಳಗದಲ್ಲಿ ಯಾರ ಮೇಲಾದರೂ ಆರೋಪ ಬಂದಾಗ ನಾವೂ ಒಂದು ಸಣ್ಣ ನ್ಯಾಯಾಲಯವಾಗಿ ಬಿಡುತ್ತೇವೆ. ಸಾಕ್ಷಿ ಕೇಳುವ ಮೊದಲೇ ತೀರ್ಪು ಹೇಳಿ, ಅದನ್ನು ಊರೆಲ್ಲ ಹಬ್ಬಿಸುತ್ತೇವೆ. ಆರೋಪ ಸುಳ್ಳೆಂದು ಆಮೇಲೆ ತಿಳಿದರೂ ಅವನ ಮಾನ ಮರಳಿ ಬರುವುದಿಲ್ಲ. ಆ ಟ್ಯಾಕ್ಸಿ ಚಾಲಕನಲ್ಲಿದ್ದಂತಹ ಉತ್ತರ ಯಾರ ಬಳಿಯಾದರೂ ಇರಬಹುದು. ಕೇಳುವ ತಾಳ್ಮೆಯನ್ನು ನಾವು ನಮ್ಮಲ್ಲೂ ನಮ್ಮ ಮಕ್ಕಳಲ್ಲೂ ಬೆಳೆಸಬೇಕು. ಕೇಳುವವರಿಲ್ಲದ ಬಡ ಆರೋಪಿ ಕಣ್ಣಿಗೆ ಬಿದ್ದರೆ, ಅವನು ಎಂಥವನೇ ಆಗಿರಲಿ, ಅವನ ಹಕ್ಕನ್ನು ಅವನಿಗೆ ತಿಳಿಸಿ ಕಾನೂನು ನೆರವಿನ ಕಚೇರಿಯವರೆಗೆ ಕರೆದುಕೊಂಡು ಹೋಗುವಷ್ಟಾದರೂ ನಮ್ಮಿಂದ ಆಗಬೇಕು.